ರಸ್ತೆ ಅಗಲೀಕರಣಕ್ಕೆ ಆಕ್ಷೇಪಣೆ: ಗಾಳಿ, ವಾಹನ, ಮರದ ಲೆಕ್ಕ ಹೇಗೆ ತೆಗೆಯಬೇಕು? (ಪುಣೆ)

ಕಾತ್ರಜ್ ನಿವಾಸಿ:
ನಮ್ಮ ಬಡಾವಣೆ ಮುಂದಿನ 18 ಮೀಟರ್ ರಸ್ತೆಯನ್ನು 24 ಮೀಟರಿಗೆ ಅಗಲಿಸಲು ಎಂಆರ್‌ಟಿಪಿ ಕಾಯ್ದೆಯ (ಮಹಾರಾಷ್ಟ್ರದ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ) 37ನೇ ಕಲಮಿನಡಿ ನೋಟಿಸು ಬಂದಿದೆ. ಆಕ್ಷೇಪಣೆ ಸಲ್ಲಿಸಲು ಒಂದು ತಿಂಗಳು ಸಮಯ. ರಸ್ತೆಯ ಎರಡೂ ಬದಿ ಸೇರಿ ಅರವತ್ತರಷ್ಟು ಮರಗಳಿವೆ. ಸೊಸೈಟಿಯ ನಾಲ್ಕನೇ ಮಹಡಿ ಬಾಲ್ಕನಿಯಲ್ಲಿ ಒಂದು ಸಣ್ಣ ಗಾಳಿ ಸೆನ್ಸರ್ ಇದೆ. ಸುನಾವಣಿಯಲ್ಲಿ (ಅಧಿಕಾರಿಗಳ ಮುಂದಿನ ವಿಚಾರಣೆ) ನಿಲ್ಲುವಂಥ ಅಂಕಿಅಂಶ ಒಂದು ತಿಂಗಳಲ್ಲಿ ಏನೇನು ತೆಗೆಯಬಹುದು?

ಗಾಳಿಮಾಪಕ, ಪಾಷಾಣ್:
ಮೊದಲು ಬಾಲ್ಕನಿಯಿಂದ ಸೆನ್ಸರ್ ಇಳಿಸಿ. ನಾಲ್ಕನೇ ಮಹಡಿಯಲ್ಲಿ ಅದು ಅಳೆಯುವುದು ಊರಿನ ಗಾಳಿಯನ್ನು, ನಿಮ್ಮ ರಸ್ತೆಯ ಗಾಳಿಯನ್ನಲ್ಲ. ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ, ರಸ್ತೆಗೆ ಮುಖ ಮಾಡಿದ ಕಂಬಕ್ಕೆ ಕಟ್ಟಿ. ಅಡುಗೆಮನೆಯ ಎಕ್ಸಾಸ್ಟ್, ಜನರೇಟರ್, ಕಸ ಸುಡುವ ಜಾಗ ಹತ್ತಿರ ಇರಬಾರದು. ಅದೇ ಮಾದರಿಯ ಇನ್ನೊಂದನ್ನು ರಸ್ತೆಯಿಂದ 150-200 ಮೀಟರ್ ಒಳಕ್ಕೆ, ವಾಹನ ಓಡಾಡದ ಕಡೆ ಇಡಿ. ರಸ್ತೆಯ ಕೊಡುಗೆ ಎಷ್ಟು ಎಂಬುದನ್ನು ಈ ಎರಡರ ವ್ಯತ್ಯಾಸ ಹೇಳುತ್ತದೆ, ಒಂಟಿ ಸಂಖ್ಯೆ ಹೇಳುವುದಿಲ್ಲ. ಆದರೆ ಕಟ್ಟುವ ಮುಂಚೆ ಎರಡನ್ನೂ ಒಂದು ವಾರ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಸೆನ್ಸರ್‌ಗಳೂ ಬೇರೆಬೇರೆ ಅಂಕಿ ತೋರಿಸುತ್ತವೆ.

ಈ ಸೆನ್ಸರ್‌ಗಳು ಲೇಸರ್ ಬೆಳಕು ಚದುರುವುದನ್ನು ನೋಡಿ ಕಣ ಎಣಿಸುತ್ತವೆ. ತೇವಾಂಶ 75-80 ಶೇಕಡಾ ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಪಿಎಂ 2.5 (2.5 ಮೈಕ್ರಾನಿಗಿಂತ ಸಣ್ಣ ಕಣಗಳ ಪ್ರಮಾಣ) ಸುಳ್ಳೇ ಏರುತ್ತದೆ. ಹಾಗಾಗಿ ಪ್ರತಿ ಸಾಲಿನ ಪಕ್ಕ ತೇವಾಂಶವನ್ನೂ ಬರೆದಿಡಿ. ಅಮೆರಿಕದಲ್ಲಿ ಬಳಸುವ ತಿದ್ದುಪಡಿ ಸೂತ್ರ ಅಲ್ಲಿಯ ಗಾಳಿಗೆ ಕಟ್ಟಿದ್ದು, ಅದನ್ನು ಇಲ್ಲಿ ಹಾಕಬೇಡಿ. ಇನ್ನೊಂದು ಮಾತು: 0.3 ಮೈಕ್ರಾನಿಗಿಂತ ಸಣ್ಣ ಕಣ ಇವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಸೈಲೆನ್ಸರಿನಿಂದ ಆಗತಾನೇ ಹೊರಬಿದ್ದ ಹೊಗೆಯಲ್ಲಿ ಎಣಿಕೆಯ ಲೆಕ್ಕಕ್ಕೆ ಹೆಚ್ಚಿನವು ಅಂಥವೇ. ರಸ್ತೆಯ ಒರಟು ಧೂಳಿನಲ್ಲೂ, ಅಂದರೆ ಪಿಎಂ 10ರಲ್ಲೂ, ಇವು ದುರ್ಬಲ. ವಾಹನದ ಗುರುತು ಬೇಕಿದ್ದರೆ ನೈಟ್ರೋಜನ್ ಡೈಆಕ್ಸೈಡಿಗೆ ಪ್ಯಾಸಿವ್ ಟ್ಯೂಬ್ (ಪಂಪಿಲ್ಲದೆ ತಾನೇ ಅನಿಲ ಹೀರಿಕೊಳ್ಳುವ ಕೊಳವೆ) ಎರಡು ವಾರ ನೇತುಹಾಕಿ ಲ್ಯಾಬಿಗೆ ಕೊಡುವುದು ಮೇಲು.

ಹೋಲಿಕೆಗೆ 2009ರ ರಾಷ್ಟ್ರೀಯ ಮಾನಕ: 24 ಗಂಟೆಯ ಸರಾಸರಿ ಪಿಎಂ 2.5ಕ್ಕೆ 60, ಪಿಎಂ 10ಕ್ಕೆ 100, ನೈಟ್ರೋಜನ್ ಡೈಆಕ್ಸೈಡಿಗೆ 80, ಎಲ್ಲವೂ ಘನ ಮೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ದಿನಕ್ಕೆ ಕನಿಷ್ಠ 16 ಗಂಟೆಯ ದಾಖಲೆ ಇಲ್ಲದ ದಿನವನ್ನು ಕೈಬಿಡಿ. ಮಳೆಗಾಲದ ಅಂಕಿಯನ್ನು ವರ್ಷದ ಚಿತ್ರವೆಂದು ತೋರಿಸಲೇಬೇಡಿ, ಮಳೆ ಎಲ್ಲ ತೊಳೆದಿರುತ್ತದೆ.

ಎಣಿಕೆಯವ, ಹಡಪಸರ:
ಗಾಳಿಗಿಂತ ವಾಹನದ ಎಣಿಕೆ ನಿಮಗೆ ಹೆಚ್ಚು ಬಲ ಕೊಡ್ತದ ನೋಡ್ರಿ, ಯಾಕಂದ್ರ ಅಗಲೀಕರಣದ ವಾದ ನಿಂತಿರೋದೇ ಅದರ ಮ್ಯಾಲೆ. ವಾರದ ಮೂರು ಕೆಲಸದ ದಿನ, ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8. ಗುರುವಾರ ಬಿಡ್ರಿ: ಭೋಸರಿ ಕಡೆಯ ಕಾರ್ಖಾನೆಗಳಿಗೆ ಅವತ್ತು ವಾರದ ರಜೆ, ಪುಣೆಯಲ್ಲಿ ದುರಸ್ತಿಗೆ ಕರೆಂಟ್ ತೆಗೆಯೋದೂ ಸಾಮಾನ್ಯವಾಗಿ ಅವತ್ತೇ, ಸಿಗ್ನಲ್ ಕೆಟ್ಟಿದ್ರ ಎಣಿಕೆ ಹಾಳು. ಗಣಪತಿ ಹಬ್ಬ, ಪಾಲಖಿಯ (ಪಂಢರಪುರ ಯಾತ್ರೆಯ ಪಲ್ಲಕ್ಕಿ) ದಿನಗಳೂ ಬ್ಯಾಡ. ಮಹಡಿ ಮೇಲಿಂದ ಮೊಬೈಲಿನಲ್ಲಿ ವಿಡಿಯೊ ತಗೊಂಡು, ಆಮೇಲೆ ಕೂತು 15 ನಿಮಿಷದ ತುಂಡು ಮಾಡಿ, ದಿಕ್ಕುವಾರು ಎಣಿಸ್ರಿ.

ಎಣಿಸಿದ್ದನ್ನ ಪಿಸಿಯು (ಒಂದು ವಾಹನ ಎಷ್ಟು ಕಾರಿಗೆ ಸಮ ಅನ್ನೋ ಲೆಕ್ಕ) ಮಾಡಿದ ಕೂಡಲೇ ತಪ್ಪು ಚಿತ್ರ ಬರ್ತದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 106ರ ಪ್ರಕಾರ ಕಾರು 1. ಬಸ್ಸಿನ ಪಾಲು 10 ಶೇಕಡಾ ಮುಟ್ಟಿದ್ರ ಅದರ ತೂಕ 3.7, 5 ಶೇಕಡಾ ಇದ್ರ 2.2. ಬಸ್ಸೇ ರಸ್ತೆ ತಿನ್ನೋ ಭೂತ ಅನ್ನಿಸ್ತದ. ಅದಕ್ಕ ಪಕ್ಕದಾಗ ಜನರ ಕಾಲಂ ಹಾಕ್ರಿ. ಉದಾಹರಣೆಗೆ ತಾಸಿಗೆ 30 ಬಸ್, ಬಸ್ಸಿಗೆ 40 ಮಂದಿ ಅಂದ್ರ 1200 ಜನ, ಹೆಚ್ಚಿನ ತೂಕ 3.7 ಹಿಡಿದ್ರೂ ಪಿಸಿಯು 111. 600 ಕಾರು, ಕಾರಿಗೆ ಒಂದೂವರೆ ಮಂದಿ ಅಂದ್ರ 900 ಜನ, ಪಿಸಿಯು 600. ಕಾರಿನೊಳಗಿನ ತಲೆ ಎಣಿಸಲಿಕ್ಕೆ ಸ್ಪೀಡ್‌ಬ್ರೇಕರ್ ಹತ್ರ ಒಬ್ಬರನ್ನ ನಿಲ್ಲಿಸ್ರಿ, ವಿಡಿಯೊದಾಗ ಕಾಣಂಗಿಲ್ಲ.

ವಾಹನದ ಸಾಲು ಎಲ್ಲಿ ನಿಲ್ತದ ಅನ್ನೋದನ್ನ ಹೆಜ್ಜೆಯಿಂದರೆ ಅಳೀರಿ. ಸಾಲು ಚೌಕಿನ ಸಿಗ್ನಲ್ಲಿನಿಂದ ಹಿಂದಕ್ಕ ಬೆಳೀತಿದ್ರ ನಡುವಿನ ರಸ್ತೆ ಅಗಲ ಮಾಡಿ ಉಪಯೋಗಿಲ್ಲ, ತೊಡಕು ಇರೋದು ಚೌಕಿನಾಗ. 18 ಮೀಟರಿನಾಗ ಎರಡೂ ಕಡೆ 2 ಮೀಟರ್ ಫುಟ್‌ಪಾತ್ ಬಿಟ್ರೂ 14 ಮೀಟರ್ ಉಳೀತದ, 3.5 ಮೀಟರಿನ ನಾಕು ಲೇನ್. ಈಗ ಅದರಾಗ ಎಷ್ಟು ಪಾರ್ಕಿಂಗ್ ನುಂಗೇದ ಅಂತ ಫೋಟೊ ತಗೀರಿ.

ಮರಗಣತಿ:
ಪ್ರತಿ ಮರಕ್ಕೆ ಸಂಖ್ಯೆ, ಜಿಪಿಎಸ್, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ, ಎರಡು ಫೋಟೊ: ಬುಡದ್ದೊಂದು, ಇಡೀ ಮರದ್ದೊಂದು. ಕವಲು ಅದಕ್ಕಿಂತ ಕೆಳಗೇ ಒಡೆದಿದ್ದರೆ ಪ್ರತಿ ಕಾಂಡವನ್ನೂ ಬೇರೆಯಾಗಿ ಅಳೆಯಿರಿ. ಟೇಪು ಕಾಂಡಕ್ಕೆ ಅಡ್ಡವಾಗಿ, ಬಿಗಿಯಾಗಿ ಕೂರಬೇಕು. ಆಲದ ಬಿಳಲು ಒಳಗೆ ಸೇರಿದರೆ ಅಳತೆ ವಿಪರೀತ ಹೆಚ್ಚಾಗಿ, ವಯಸ್ಸಿನ ಅಂದಾಜೂ ಕೆಡುತ್ತದೆ. ವಯಸ್ಸು ಇಲ್ಲಿ ಮುಖ್ಯ. ಮಹಾರಾಷ್ಟ್ರದ 1975ರ ವೃಕ್ಷ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿ 50 ವರ್ಷ ದಾಟಿದ ಮರವನ್ನು ಪಾರಂಪರಿಕ ಮರ ಎನ್ನುತ್ತದೆ, ಕಡಿದ ಮರದ ವಯಸ್ಸಿನಷ್ಟೇ ಸಸಿ ನೆಡಬೇಕೆನ್ನುತ್ತದೆ. ಹಳೆಯ ಫೋಟೊ, ಹಳೆಯ ಉಪಗ್ರಹ ಚಿತ್ರ ಇದ್ದರೆ ಜೋಡಿಸಿ.

ಅರ್ಜಿಯಲ್ಲಿ ಮರಾಠಿ ಹೆಸರೇ ಬರೆಯಿರಿ, ಇಲ್ಲವಾದರೆ ಪಟ್ಟಿ ತಾಳೆಯಾಗುವುದಿಲ್ಲ: ಆಲ ವಡ, ಅರಳಿ ಪಿಂಪಳ, ಅತ್ತಿ ಉಂಬರ, ಹೊಂಗೆ ಕರಂಜ, ಬೇವು ಕಡುನಿಂಬ, ಹುಣಸೆ ಚಿಂಚ, ನೇರಳೆ ಜಾಂಭೂಳ. ಹೊರದೇಶದಿಂದ ಬಂದ ಸುಬಾಬುಲ್, ಗ್ಲಿರಿಸಿಡಿಯಾ ಮರಗಳನ್ನೂ ಬಿಡದೆ ಸೇರಿಸಿ, ಆದರೆ ನಿಮ್ಮ ವಾದವನ್ನು ಆಲ, ಅತ್ತಿ, ಅರಳಿಯ ಮೇಲೆ ಕಟ್ಟಿ. ಮರ ಕಡಿಯುವ ನೋಟಿಸು ಬೇರೆಯೇ ಬರುತ್ತದೆ, ಅದಕ್ಕೆ ಆಕ್ಷೇಪಿಸಲು ಇರುವುದು 7 ದಿನ ಮಾತ್ರ. ಪಟ್ಟಿ ಈಗಲೇ ಸಿದ್ಧವಿರಲಿ.

ಕಾತ್ರಜ್ ನಿವಾಸಿ:
ಎಲ್ಲರಿಗೂ ಧನ್ಯವಾದ. ನಕ್ಷೆಗಾಗಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಲೇ?

ಮರಗಣತಿ:
ಹಾಕಿ, ಆದರೆ ಉತ್ತರಕ್ಕೆ 30 ದಿನ ಅವಕಾಶವಿದೆ, ನಿಮ್ಮ ಗಡುವು ಮುಗಿದಿರುತ್ತದೆ. ನೋಟಿಸಿನಲ್ಲಿ ಹೇಳಿದ ಕಚೇರಿಗೆ ಹೋಗಿ ನಕ್ಷೆ ನೋಡಿ, ಹೊಸ ರಸ್ತೆಯಂಚು ಯಾವ ಮರದ ಯಾವ ಬದಿಗೆ ಬೀಳುತ್ತದೆಂದು ನಿಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಿ. ಪ್ರತಿ ಮನೆಯಿಂದ ಬೇರೆಬೇರೆ ಪತ್ರ ಹೋಗಲಿ, ಪ್ರತಿಯೊಂದರಲ್ಲೂ ಖುದ್ದು ಸುನಾವಣಿ ಬೇಕೆಂದು ಸ್ಪಷ್ಟವಾಗಿ ಬರೆದಿರಲಿ. ಪ್ರತಿಯ ಮೇಲೆ ಆವಕ್ ಕ್ರಮಾಂಕ (ಸ್ವೀಕೃತಿ ಸಂಖ್ಯೆ), ಸಿಕ್ಕಾ (ಮೊಹರು), ತಾರೀಕು ಬೀಳುವವರೆಗೆ ಕೌಂಟರ್ ಬಿಟ್ಟು ಕದಲಬೇಡಿ.