ಹಣೆಬರಹವೋ, ತಂದೆಯ ಚಿತ್ತವೋ? ಮನೆಯವರ ಗುಂಪಿನಲ್ಲಿ ಒಂದು ಕಾರ್ಡಿನ ಚರ್ಚೆ

ಥಾಣೆ ದೊಡ್ಡಪ್ಪ: (ಫೋಟೊ) "ದೇವರು ಸಾರ್ವಭೌಮನು. ಬಂದದ್ದೆಲ್ಲ ಆತನು ಬರೆದದ್ದು. ಬೇಡುವುದನ್ನು ಬಿಡು, ಒಪ್ಪಿಕೊ. ಯೆರೆಮೀಯ 29:11"
ಭಾನುವಾರ ಕಲ್ಯಾಣ ಊರಿನ ಮನೆ ಪ್ರಾರ್ಥನೆಗೆ 60 ಪ್ರತಿ ಪ್ರಿಂಟ್ ಹಾಕಿಸೋಣ ಅಂತಿದ್ದೇನೆ. ಎಲ್ಲರೂ ನೋಡಿ ಹೇಳಿ.

ವಾಸ್ಕೋ ಚಿಕ್ಕಪ್ಪ: ಆಮೆನ್ ಅಣ್ಣ.

ಪುಣೆ ಅತ್ತೆ: ಅಣ್ಣ, ಮೊದಲನೇ ಸಾಲು ಸರಿ. ಉಳಿದ ಎರಡು ಬೇಡ. ಅದು ಹಣೆಬರಹದ ಮಾತು, ಸತ್ಯವೇದದ್ದಲ್ಲ. ಹಣೆಬರಹದ ಹತ್ತಿರ ಯಾರೂ ಬೇಡಿಕೊಳ್ಳೋದಿಲ್ಲ, ಅದಕ್ಕೆ ಕಿವಿ ಇಲ್ಲ. ನೀವು ಹಾಕಿರೋ ವಚನದ ಮುಂದಿನದ್ದನ್ನೇ ಓದಿ, 29:12. ನೀವು ನನಗೆ ಪ್ರಾರ್ಥಿಸುವಿರಿ, ನಾನು ಕೇಳುತ್ತೇನೆ ಅಂತ ಅಲ್ಲೇ ಇದೆ. ನಿಮ್ಮ ವಿಷಯದಲ್ಲಿ ನನ್ನದು ಹಿತದ ಆಲೋಚನೆ ಅನ್ನೋ 11 ಅನ್ನು ಹಾಕಿ ಅದರ ಮೇಲೆ "ಬೇಡುವುದನ್ನು ಬಿಡು" ಅಂತ ಬರೆದರೆ ಹೇಗೆ?

ಥಾಣೆ ದೊಡ್ಡಪ್ಪ: ಆ ಮಾತು ಹೆಚ್ಚಾಯ್ತು, ತೆಗೆಯೋಣ. ಆದರೆ "ಆತನು ಬರೆದದ್ದು" ಅನ್ನೋದರಲ್ಲಿ ತಪ್ಪೇನು? ದಾನಿಯೇಲ 4:35 ನೋಡು. ಏನು ಮಾಡುತ್ತಿದ್ದೀ ಅಂತ ಆತನನ್ನು ಕೇಳುವವರು ಯಾರೂ ಇಲ್ಲ. ಹೇಳಿದ್ದು ಯಾರು? ಬಾಬೆಲಿನ ಅರಸ ನೆಬೂಕದ್ನೆಚ್ಚರ. ಅಂಥ ಅರಸನೇ ತಲೆ ಬಾಗಿದ ಮೇಲೆ ನಾವೆಷ್ಟರವರು! ಈಗಿನ ಬೋಧನೆಯಲ್ಲಿ ದೇವರು ನಮ್ಮ ಕೆಲಸದವನ ಹಾಗೆ ಆಗಿಬಿಟ್ಟಿದ್ದಾನೆ. ಅದಕ್ಕೇ ಈ ಕಾರ್ಡ್.

ಪುಣೆ ಅತ್ತೆ: ಆ ಕಾಳಜಿ ನನಗೂ ಇದೆ. ಅದಕ್ಕೇ ವಚನ ಆರಿಸುವಾಗ ಜೋಪಾನ ಅನ್ನೋದು. ಯಾರಿಗೆ ಹೇಳಿದ್ದು, ಹಿಂದೇನಿದೆ, ಮುಂದೇನಿದೆ, ಇಷ್ಟು ನೋಡದೆ ಯಾವ ವಚನವನ್ನೂ ಕಾರ್ಡಿಗೆ ಹಾಕಬಾರದು. ಇದು ಬಾಬೆಲಿಗೆ ಸೆರೆ ಹೋದವರಿಗೆ ಯೆರೆಮೀಯ ಜೆರುಸಲೇಮಿನಿಂದ ಬರೆದ ಪತ್ರ. 28ನೇ ಅಧ್ಯಾಯದಲ್ಲಿ ಸುಳ್ಳು ಪ್ರವಾದಿ ಹನನ್ಯ ಸೆರೆ ಎರಡೇ ವರ್ಷ ಅಂದಿದ್ದ, ಅದು ಸುಳ್ಳಾಯ್ತು. 29:10ರಲ್ಲಿ ದೇವರು 70 ವರ್ಷ ಅನ್ನುತ್ತಾನೆ. ಅಂದರೆ ಪತ್ರ ಓದಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರು ನೋಡದೆ ಅಲ್ಲೇ ಮಣ್ಣಾಗಬೇಕು. ಹಿತದ ಆಲೋಚನೆ ಅನ್ನೋ ಮಾತು ಬರೋದು ಅದರ ಬೆನ್ನಿಗೇ. ಅಲ್ಲಿಯವರೆಗೆ ಏನು ಮಾಡಬೇಕು? 5ರಿಂದ 7: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಬರೀ "ಒಪ್ಪಿಕೊ" ಎಲ್ಲಿದೆ ಇದರಲ್ಲಿ?

ಕಲ್ಯಾಣ ಅಕ್ಕ: ಅತ್ತೆ, ಭಾನುವಾರ ಹುಡುಗರು ಕೇಳೋದು ಒಂದೇ. ದೇವರು ಮೊದಲೇ ತೀರ್ಮಾನ ಮಾಡಿದ್ದರೆ ನಾವು ಮಾಡೋದರಿಂದ ಆಗೋದೇನು?

ವಾಸ್ಕೋ ಚಿಕ್ಕಪ್ಪ: ಅದಕ್ಕೆ ಅಪೊಸ್ತಲರ ಕೃತ್ಯಗಳು 27 ಸಾಕಮ್ಮ. ಸೆರೆಯಾಳು ಪೌಲನನ್ನು ರೋಮಿಗೆ ಒಯ್ಯೋ ಹಡಗು ಬಿರುಗಾಳಿಗೆ ಸಿಕ್ಕಿತ್ತು, ಅದರಲ್ಲಿ 276 ಜನ. ಒಬ್ಬರ ಪ್ರಾಣವೂ ಹೋಗೋದಿಲ್ಲ ಅಂತ ದೇವರ ಮಾತು ಪೌಲನಿಗೆ ಆಗಲೇ ಬಂದಾಗಿತ್ತು. ಹದಿನಾಲ್ಕನೇ ರಾತ್ರಿ ಹಗ್ಗಕ್ಕೆ ಕಟ್ಟಿದ ಗುಂಡು ಬಿಟ್ಟು ಆಳ ನೋಡಿದರೆ 20 ಮಾರು, ಸ್ವಲ್ಪ ಮುಂದೆ 15. ಬಂಡೆಗೆ ಬಡಿದೀತು ಅಂತ ಹಿಂದುಗಡೆಯಿಂದ ನಾಲ್ಕು ಲಂಗರು ಬಿಟ್ಟರು. ಅಷ್ಟರಲ್ಲಿ ನಾವಿಕರು ಮುಂದುಗಡೆಯೂ ಲಂಗರು ಹಾಕೋ ನೆಪದಲ್ಲಿ ಚಿಕ್ಕ ದೋಣಿ ಇಳಿಸಿ ಓಡಿಹೋಗೋಕೆ ನೋಡಿದರು. ಪೌಲ ಏನಂದ? ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಉಳಿಯಲಾರಿರಿ. ಸಿಪಾಯಿಗಳು ಹಗ್ಗ ಕತ್ತರಿಸಿ ದೋಣಿ ಬಿಟ್ಟುಬಿಟ್ಟರು. ಮಾತು ಕೊಟ್ಟ ದೇವರೇ ಆ ಮಾತು ನಡೆಯೋ ದಾರಿಯಲ್ಲಿ ನಾವಿಕರ ಕೈಕೆಲಸವನ್ನೂ ಇಟ್ಟಿದ್ದ. 24 ಮತ್ತು 31, ಎರಡನ್ನೂ ಒಟ್ಟಿಗೆ ಓದಿಸು.

ಥಾಣೆ ದೊಡ್ಡಪ್ಪ: ಒಳ್ಳೇದು. ಆದರೆ ಇಸ್ರಾಯೇಲ್ಯರನ್ನು ಬಿಡದ ಐಗುಪ್ತದ ಅರಸ ಫರೋಹನನ್ನು ಏನು ಮಾಡುತ್ತೀರಿ? ಅವನ ಹೃದಯ ಕಠಿಣ ಮಾಡಿದ್ದು ಯಾರು?

ಪುಣೆ ಅತ್ತೆ: ದೇವರು ಐಗುಪ್ತದ ಮೇಲೆ ತಂದ ಬಾಧೆಗಳಲ್ಲಿ ಕಪ್ಪೆಗಳ ಕಾಟ ನಿಂತ ಮೇಲೆ ಅವನೇ ಮಾಡಿಕೊಂಡ ಅಂತಿದೆ ಅಣ್ಣ. ಯೆಹೋವನು ಕಠಿಣ ಮಾಡಿದನು ಅಂತ ಬಾಧೆಗಳ ನಡುವೆ ಮೊದಲು ಬರೋದು ಹುಣ್ಣಿನ ಬಾಧೆಯಲ್ಲಿ, ವಿಮೋಚನಕಾಂಡ 9:12. ಅದು ಆರನೆಯದು.

ಥಾಣೆ ದೊಡ್ಡಪ್ಪ: ವಿಮೋಚನಕಾಂಡ 4:21 ಬಿಟ್ಟೆಯಲ್ಲ! ಮೋಶೆ ಐಗುಪ್ತಕ್ಕೆ ಹೊರಡೋ ಮುಂಚೆಯೇ ದೇವರು ಹೇಳಿದ್ದಾನೆ.

ಪುಣೆ ಅತ್ತೆ: ಬಿಟ್ಟಿಲ್ಲ. ಎರಡೂ ಬರೆದಿದೆ, ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸೋ ಹಕ್ಕು ನಮಗಿಲ್ಲ. ಆದರೆ ಪಾಪದ ಹೊಣೆಯನ್ನು ದೇವರ ತಲೆಗೆ ಕಟ್ಟಬಾರದು. ಯೋಸೇಫ ತನ್ನನ್ನು ಮಾರಿದ ಅಣ್ಣಂದಿರಿಗೆ ಹೇಳಿದ್ದು ಹಾಗೆಯೇ, ಆದಿಕಾಂಡ 50:20. ನೀವು ಕೇಡು ಬಗೆದಿರಿ, ದೇವರು ಅದರಲ್ಲೇ ಒಳಿತು ಬಗೆದ. ಅಣ್ಣಂದಿರು ಮಾಡಿದ್ದು ಕೇಡಲ್ಲ ಅಂತ ಅವನು ಅನ್ನಲಿಲ್ಲ.

ಕಲ್ಯಾಣ ಅಕ್ಕ: ದೊಡ್ಡಪ್ಪ, ಇನ್ನೊಂದು. ಭಾನುವಾರ ಸಾವಾದ ಮನೆಯವರೂ ಬರುತ್ತಾರೆ. ಅವರ ಕೈಗೂ ಇದೇ ಕಾರ್ಡ್ ಕೊಡೋದಾ?

ಪುಣೆ ಅತ್ತೆ: ಬೇಡ. ಮಕ್ಕಳನ್ನು ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತಿದ್ದಷ್ಟು ಹೊತ್ತು ಸರಿಯಾಗಿದ್ದರು. ಕಾರಣ ಹೇಳೋಕೆ ಬಾಯಿ ತೆರೆದ ಮೇಲೆ ಕೆಟ್ಟಿತು, 42:7ರಲ್ಲಿ ದೇವರು ಅವರ ಮೇಲೇ ಸಿಟ್ಟಾದ. ಜೆರುಸಲೇಮಿನ ಸಿಲೋವದ ಬುರುಜು ಬಿದ್ದು 18 ಜನ ಸತ್ತಾಗ ಅವರೇನು ಹೆಚ್ಚಿನ ಪಾಪಿಗಳಾ ಅಂತ ಯೇಸುವೇ ಕೇಳಿದ. ಸಾವಿನ ಮನೆಯವರ ಪಕ್ಕ ಸುಮ್ಮನೆ ಕೂತುಕೊಳ್ಳಿ, ಊಟ ಬಡಿಸಿ. ಅವರು ಕೇಳಿದರೆ ಮಾತ್ರ ಕೀರ್ತನೆ 13 ಓದಿ. "ಎಷ್ಟರ ತನಕ" ಅನ್ನೋ ಪ್ರಶ್ನೆಯನ್ನು ದೇವರ ಮುಂದೆ ಇಡಬಹುದು ಅಂತ ಅವರಿಗೆ ಗೊತ್ತಾಗಲಿ.

ಥಾಣೆ ದೊಡ್ಡಪ್ಪ: ಸರಿ. "ಬರೆದದ್ದು" ತೆಗೆದೆ. ಈಗ ಹೀಗೆ: "ದೇವರು ಸಾರ್ವಭೌಮನು. ಆತನು ನಮ್ಮ ತಂದೆ. ಬೇಡಿಕೊ, ಕೆಲಸ ಮಾಡು. ಯೆರೆಮೀಯ 29:5-12." ಸಾರ್ವಭೌಮನು ಅನ್ನೋದು ದಪ್ಪಕ್ಷರದಲ್ಲೇ ಇರುತ್ತೆ, ಅದನ್ನು ಚಿಕ್ಕದು ಮಾಡೋಕೆ ಬಿಡಲ್ಲ.

ಪುಣೆ ಅತ್ತೆ: ಇನ್ನೂ ದಪ್ಪ ಮಾಡಿಸಿ ಅಣ್ಣ.

ವಾಸ್ಕೋ ಚಿಕ್ಕಪ್ಪ: ಹಿಂದುಗಡೆ ಕೃತ್ಯಗಳು 27:24, 31 ಹಾಕಿಸಿ.

ಥಾಣೆ ದೊಡ್ಡಪ್ಪ: ಹಾಕಿಸುತ್ತೇನೆ. ಸಾವಾದ ಮನೆಯವರದ್ದು ಬಿಟ್ಟು 50 ಪ್ರತಿ ಸಾಕು. ತಂಗಿ, ಫರೋಹನ ವಿಷಯ ನಾನಿನ್ನೂ ಬಿಟ್ಟಿಲ್ಲ. ಪೌಲ ಅವನ ಮಾತೆತ್ತೋ ರೋಮಾಪುರದವರಿಗೆ 9 ತೆಗೆದಿಟ್ಟುಕೊ, ಊಟ ಆದ ಮೇಲೆ ಫೋನ್ ಮಾಡುತ್ತೇನೆ.