ಅಪ್‌ಡೇಟ್: ಬೀದರ್ ಚಳಿ ದಾಟಿದ ತುಡುವೆ ಜೇನು

ಡಿಸೆಂಬರ್‌ನಲ್ಲಿ ಕೇಳಿದ್ದೆ ಅಲ್ವಾ, ಭಾಲ್ಕಿ ಹತ್ತಿರದ ನಮ್ಮ ಹೊಲದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನು) ಪೆಟ್ಟಿಗೆಯಲ್ಲಿ ಜೇನುಹುಳು ಕಮ್ಮಿಯಾಗುತ್ತಿದೆ, ಚಳಿಗೆ ಏನು ಮಾಡಲಿ ಅಂತ? ಆ ಜೇನು ಕುಟುಂಬ ಉಳಿಯಿತು.

ನೀವು ಹೇಳಿದಂತೆ ಹುಳು ಕೂರದ ಖಾಲಿ ಎರಿಗಳನ್ನು (ಜೇನು ಕಟ್ಟುವ ಮೇಣದ ಹಲ್ಲೆ) ತೆಗೆದೆ. ಒಂದರಲ್ಲಿ ಆಗಲೇ ಮೇಣದ ಪತಂಗದ ಮರಿಹುಳು ಸುರಂಗ ಕೊರೆದು ಬಲೆ ಕಟ್ಟಿತ್ತು. ಬಾಗಿಲು ಕಿರಿದು ಮಾಡಿದೆ. ಸಕ್ಕರೆ, ನೀರು ಸಮ ಅಳತೆಯಲ್ಲಿ ಕಲಸಿ ಸಂಜೆ ಮಾತ್ರ ಇಟ್ಟೆ. ಹಗಲು ಇಟ್ಟರೆ ಬೇರೆ ಗೂಡಿನವು ಕದಿಯೋಕೆ ಬರುತ್ತವೆ. ಗೋಣಿ ಸುತ್ತಿ ಅಂದವರೂ ಇದ್ದರು. ನಮ್ಮ ಚಳಿಗೆ ಅದು ಜಾಸ್ತಿ ಅನಿಸಿತು, ಬಿಟ್ಟೆ.

ನಿಜವಾಗಿ ಕೈ ಹಿಡಿದದ್ದು ಪಕ್ಕದ ಹೊಲದ ಕುಸುಬೆ. ಹೂ ಬಿಟ್ಟದ್ದೇ ತಡ, ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ಬರತೊಡಗಿದವು, ರಾಣಿಯೂ ಮೊಟ್ಟೆ ಜೋರು ಮಾಡಿತು. ಸಕ್ಕರೆ ಪಾನಕ ಇಡೋದು ನಿಲ್ಲಿಸಿದೆ.

ಈಗ ಹೊಂಗೆ, ಬೇವಿನ ಸರದಿ. ಬಿಸಿಲು ಏರುವ ಮೊದಲು ಪೆಟ್ಟಿಗೆ ಮೇಲೆ ಕಣಿಕಿ (ಒಣ ಜೋಳದ ದಂಟು) ಚಪ್ಪರ ಹಾಕಬೇಕು.