ವರ್ಷಾಂತ್ಯದ ರಜೆಯೋ, ಯುದ್ಧಕೈದಿಗಳ ಶಿಬಿರವೋ?

ಬೇಸತ್ತ_ಅಳಿಯ: ಕ್ರಿಸ್‌ಮಸ್ ರಜೆಗೆ ಮಾವನ ಮನೆಯವರ ಜತೆ ರೆಸಾರ್ಟ್‌ಗೆ ಹೋಗಿದ್ವಿ. ಕೈಗೆ ನೀಲಿ ಪಟ್ಟಿ, ಬೆಳಗ್ಗೆ ಆರಕ್ಕೇ ಸೀಟಿ ಊದಿ ಯೋಗ, ಇಡ್ಲಿಗೆ ಕ್ಯೂ. ಹೊರಗಿನ ತಿಂಡಿ ತರಂಗಿಲ್ಲ ಅಂತ ಅತ್ತೆಯ ಕೋಡುಬಳೆ ಡಬ್ಬಿಯನ್ನ ಗೇಟಲ್ಲೇ ಕಿತ್ತಿಟ್ಕೊಂಡ್ರು. ರಜೆ ಅಲ್ಲ ಸ್ವಾಮಿ, ಯುದ್ಧಕೈದಿಗಳ ಶಿಬಿರ!

ಚರಿತ್ರೆ_ಮೇಷ್ಟ್ರು: ನಗು ಬಂತು, ಆದ್ರೂ ಒಂದು ಮಾತು. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿ 15ಕ್ಕೆ ಬ್ರಿಟಿಷರ ಕೈಲಿದ್ದ ಸಿಂಗಾಪುರ ಶರಣಾದ ಮೇಲೆ ಸಾವಿರಾರು ಸೆರೆಯಾಳುಗಳನ್ನ ಜಪಾನಿಯರು ಥಾಯ್ಲೆಂಡ್-ಬರ್ಮಾ ರೈಲುಹಾದಿ ಹಾಕೋಕೆ ದಬ್ಬಿದ್ರು. 415 ಕಿ.ಮೀ. ಕಾಲರಾ, ಭೇದಿ, ಬೆರಿಬೆರಿಗೆ (ವಿಟಮಿನ್ ಕೊರತೆಯ ರೋಗ) ಸತ್ತ ಮಿತ್ರಪಕ್ಷದ ಕೈದಿಗಳೇ 12,000ಕ್ಕೂ ಹೆಚ್ಚು. ಮಲಯಾ ತೋಟಗಳಿಂದ ಎಳೆತಂದ ತಮಿಳರನ್ನೂ ಉಳಿದ ಏಷ್ಯನ್ ಕೂಲಿಗಳನ್ನೂ ಸೇರಿಸಿದ್ರೆ ಎಷ್ಟೋ ಪಟ್ಟು. ಕೋಡುಬಳೆ ಡಬ್ಬಿ ಹೋದದ್ದಕ್ಕೆ ಇದರ ಹೆಸರಾ?

ಹಾಸನದ_ಹುಡುಗಿ: ಎಲ್ಲ ಶಿಬಿರನೂ ಹಾಗಿರ್ಲಿಲ್ಲ ಮೇಷ್ಟ್ರೇ. ಜರ್ಮನಿಯಲ್ಲಿದ್ದ ಬ್ರಿಟಿಷ್ ಕೈದಿಗಳು ರೆಡ್ ಕ್ರಾಸ್ ಪೊಟ್ಟಣದ ಒಣದ್ರಾಕ್ಷಿ, ಹಾಲಿನಪುಡಿ ವಾರಗಟ್ಟಲೆ ಕೂಡಿಟ್ಟು, ಬಿಸ್ಕತ್ತನ್ನ ಕುಟ್ಟಿ ಹಿಟ್ಟು ಮಾಡಿ ಕ್ರಿಸ್‌ಮಸ್ ಕೇಕ್ ಬೇಯಿಸ್ತಿದ್ರು. ಖಾಲಿ ಡಬ್ಬಿಯ ತಗಡು ಬಡಿದೇ ಪಾತ್ರೆ. ಸೀರಿಯಸ್ಸಾಗಿ ನಾಟಕ ಆಡ್ತಿದ್ರು, ಹೆಣ್ಣುಪಾತ್ರಕ್ಕೂ ಅವರೇ. ತಮ್ಮ ಪಾಡನ್ನ ಮೊದಲು ಗೇಲಿ ಮಾಡಿದ್ದೂ ಅವರೇ.

ಚರಿತ್ರೆ_ಮೇಷ್ಟ್ರು: ಅದೇ ಜರ್ಮನ್ನರ ಕೈಲಿದ್ದ ಸೋವಿಯತ್ ಕೈದಿಗಳಿಗೆ ಪೊಟ್ಟಣವೇ ಇಲ್ಲ. ಹಸಿವಿಗೆ, ಚಳಿಗೆ ಲಕ್ಷಗಟ್ಟಲೆ ಸತ್ರು. ಕೇಕಿನ ಕಥೆ ಹೇಳೋರು ಅವರನ್ನ ಬಿಟ್ಟುಬಿಡ್ತಾರೆ.

ಜಾಲಹಳ್ಳಿ_ಕ್ರಾಸ್: ನಮ್ಮ ಏರಿಯಾದಲ್ಲೇ ಆಫ್ರಿಕಾದಲ್ಲಿ ಸಿಕ್ಕಿಬಿದ್ದ ಇಟಲಿ ಸೈನಿಕರನ್ನ ಇಟ್ಟಿದ್ರು. ಊಟ, ಸೀಟಿ ಬಿಡಿ, ಕಷ್ಟ ಇದ್ದದ್ದು ಬೇರೆ ಕಡೆ. ಜೈಲಿನವನಿಗಾದ್ರೂ ಬಿಡುಗಡೆ ತಾರೀಖು ಗೊತ್ತಿರುತ್ತೆ, ಇವರಿಗೆ ಅದೂ ಇಲ್ಲ. ಇಟಲಿ ಶರಣಾದದ್ದು 1943ರ ಸೆಪ್ಟೆಂಬರಲ್ಲಿ. ಭಾರತದಲ್ಲಿದ್ದ ಎಷ್ಟೋ ಜನ ಊರು ಮುಟ್ಟಿದ್ದು 1946ಕ್ಕೆ. ಅಳಿಯಂದ್ರೇ, ನಿಮಗೆ ಚೆಕ್‌ಔಟ್ ಟೈಮ್ ಇತ್ತಲ್ವಾ?

ಬೇಸತ್ತ_ಅಳಿಯ: ಚೆಕ್‌ಔಟ್ ಆದ್ಮೇಲೂ ಕಾರಲ್ಲಿ ಮಾವ ಇದ್ರು! ಅಲ್ಲ, ಬೇಜಾರಲ್ಲಿ ಆಡಿದ ಮಾತಿಗೆಲ್ಲ ಹೀಗೆ ಲೆಕ್ಕ ಕೇಳಿದ್ರೆ ಹೇಗೆ? ಟ್ರಾಫಿಕ್ಕಲ್ಲಿ ಸಿಕ್ಕಾಗ ನರಕ ಅಂತೀವಿ. ನರಕ ನೋಡ್ಕೊಂಡು ಬಂದೇನಾ?

ಹಾಸನದ_ಹುಡುಗಿ: ಅದೂ ಸರಿನೇ 😄

ಚರಿತ್ರೆ_ಮೇಷ್ಟ್ರು: ನರಕಕ್ಕೆ ಹೋಗಿಬಂದವರು ಯಾರೂ ಇಲ್ಲ. ಸಿಂಗಾಪುರದಲ್ಲಿ ಸೆರೆಯಾದವರಲ್ಲಿ ಮೈಸೂರು ಸಂಸ್ಥಾನದ ಪದಾತಿದಳದವರೂ ಇದ್ರು. ಅವರ ಮೊಮ್ಮಕ್ಕಳು ಇದನ್ನ ಓದ್ತಿರಬಹುದು.